ಕೈಚೀಲದವನ ಮೈಸೂರು

ಮೈಸೂರಿನ ಚರಿತ್ರೆಯನ್ನು ಗ್ರಂಥ ಓದಿ ತಿಳಿದವರಿದ್ದಾರೆ, ಶಾಸನ ಹುಡುಕಿ ತಿಳಿದವರಿದ್ದಾರೆ. ನಾನು ಕೈಚೀಲ ಹಿಡಿದು ನಿಂತು ತಿಳಿದವನು. ಹೆಂಡತಿ ಅಂಗಡಿಯ ಒಳಗೆ, ನಾನು ಹೊರಗೆ ಎಂಬುದು ನಮ್ಮ ಸಂಸಾರದ ಹಳೆಯ ಕರಾರು. ಒಳಗೆ ಬಿಟ್ಟುಕೊಂಡರೆ ನಾನು ಬೆಲೆ ಕೇಳಿದ ತಕ್ಷಣ "ಅಯ್ಯಯ್ಯೋ" ಎಂದುಬಿಡುತ್ತೇನಂತೆ.

"ಅಯ್ಯಯ್ಯೋ ಅನ್ನೋದಕ್ಕೂ ಒಂದು ಹೊತ್ತಿದೆ ಕಣ್ರೀ. ನೀವು ಮೊದಲೇ ಅಂದ್ಬಿಟ್ರೆ ನನಗೇನು ಉಳಿಯುತ್ತೆ?" ಎಂದು ಅವಳು ಕೇಳಿದ ದಿನದಿಂದ ನನಗೆ ಫುಟ್‌ಪಾತೇ ಗತಿ.

ಆದರೆ ಮೈಸೂರಿನ ಫುಟ್‌ಪಾತು ಬೇರೆ ಊರಿನದರಂತಲ್ಲ. ಎಲ್ಲಿ ನಿಂತರೂ ಎದುರಿಗೊಬ್ಬ ಮಹಾರಾಜರೋ, ಒಂದು ಗಡಿಯಾರವೋ, ಒಂದು ಗುಮ್ಮಟವೋ ಇದ್ದೇ ಇರುತ್ತದೆ. ಮೊಬೈಲ್ ನೋಡೋಣವೆಂದರೆ ಎರಡೂ ಕೈಯಲ್ಲಿ ಚೀಲ. ವಿಧಿಯಿಲ್ಲದೆ ಕಲ್ಲಿನ ಮೇಲಿನ ಅಕ್ಷರ ಓದುತ್ತೇನೆ. ಮನೆಗೆ ಬಂದು ಅದನ್ನೇ ಪುಸ್ತಕದಲ್ಲಿ ನೋಡುತ್ತೇನೆ. ಹೀಗೆ ನಾನು ನಮ್ಮ ಬಡಾವಣೆಯಲ್ಲಿ ವಿದ್ವಾಂಸನಾದೆ. ಯಾವ ಕಟ್ಟಡದ ಬಗ್ಗೆ ನನಗೆ ಎಷ್ಟು ಗೊತ್ತು ಎಂಬುದು ಅದರ ಎದುರಿನ ಅಂಗಡಿಯಲ್ಲಿ ಏನು ಮಾರುತ್ತಾರೆ ಎಂಬುದನ್ನು ಅವಲಂಬಿಸಿದೆ, ಅಷ್ಟೆ.

ದೊಡ್ಡ ಗಡಿಯಾರವನ್ನೇ ತೆಗೆದುಕೊಳ್ಳಿ. ಅದರ ವಿಷಯದಲ್ಲಿ ನಾನು ತಳ ಕಂಡವನು. ಪಕ್ಕದ ಅಶೋಕ ರಸ್ತೆಯ ತುಂಬಾ ಚಿನ್ನದಂಗಡಿಗಳು. ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತ ವಹಿಸಿಕೊಂಡು 25 ವರ್ಷವಾದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಚಂದಾ ಹಾಕಿ ಕಟ್ಟಿಸಿದ ಗೋಪುರ, ಎತ್ತರ 75 ಅಡಿ. ಯಜಮಾನನಿಗೆ ಆಳುಗಳು ಕೊಟ್ಟ ಗಡಿಯಾರ ಇದು, ಇಂಥದ್ದು ನಾನು ಕೆಲಸ ಮಾಡಿದ ಆಫೀಸಿನಲ್ಲಿ ನಡೆಯುವ ಮಾತಲ್ಲ. ಮುಖದ ಮೇಲೆ ಕನ್ನಡ ಅಂಕಿಗಳಿವೆ. ಮಗಳ ಮದುವೆಯ ಅವಲಕ್ಕಿ ಸರ ಆರಿಸುವಾಗ ಮುಳ್ಳು ೧೧ರಿಂದ ಹೊರಟು ೨ನ್ನು ದಾಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಬಳೆ ಬದಲಾಯಿಸಲು ಮತ್ತೆ ಹೋದಾಗ ಪಕ್ಕದ ಪುರಭವನದ ಪಾಠವೂ ಆಯಿತು: 1884ರದ್ದು, ದಿವಾನ್ ರಂಗಾಚಾರ್ಲು ಅವರ ನೆನಪಿನದು.

ಚಿಕ್ಕ ಗಡಿಯಾರದ ಬಳಿ ನನ್ನ ವಿದ್ಯೆ ಹತ್ತುವುದಿಲ್ಲ. ವೈಸರಾಯ್ ಡಫರಿನ್ ಹೆಸರಿನಲ್ಲಿ ಕಟ್ಟಿದ್ದು ಎನ್ನುವಷ್ಟಕ್ಕೆ ನಿಂತುಹೋಗಿದೆ. ಅಲ್ಲಿ ಅವಳು ಹೂವು ಮಾತ್ರ ಕೊಳ್ಳುವುದು, ಬೇಗ ಬಂದುಬಿಡುತ್ತಾಳೆ.

ಅಲ್ಲಿಂದ ಮುಂದೆ ದೇವರಾಜ ಮಾರುಕಟ್ಟೆ. ಇಲ್ಲಿ ಮಾತ್ರ ನನಗೆ ಒಳಗೆ ಪ್ರವೇಶವಿದೆ, ಚೀಲಗಳಿಗೆ ಪ್ರವೇಶ ಬೇಕಲ್ಲ. ಹೊರಡುವ ಮುಂಚೆ ಅಮ್ಮ ಕುರ್ಚಿಯಲ್ಲಿ ಕುಳಿತೇ ಅಪ್ಪಣೆ ಕೊಡಿಸುತ್ತಾರೆ. ಅವರು ಮಾರುಕಟ್ಟೆಗೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಯಿತು, ಆದರೆ ಆಡಳಿತವನ್ನು ಬಿಟ್ಟುಕೊಟ್ಟಿಲ್ಲ. "ಮಲ್ಲಿಗೆ ಮಾರಿನ ಲೆಕ್ಕದಲ್ಲಿ ತಗೊಳ್ಳೋದಾದ್ರೆ ಉದ್ದ ಕೈಯವನನ್ನ ನೋಡಿ ತಗೊಳೋ. ಕುಳ್ಳನ ಹತ್ರ ಹೋದ್ರೆ ಗೇಣುದ್ದ ನಷ್ಟ." ಹೂವಿನ ಸಾಲಿನಲ್ಲಿ ನಾನು ಹೂವನ್ನು ನೋಡುವುದೇ ಇಲ್ಲ, ಮಾರುವವರ ತೋಳು ನೋಡುತ್ತ ನಡೆಯುತ್ತೇನೆ. ಕೆಲವರಿಗೆ ಅದು ಅಪಾರ್ಥವಾದದ್ದೂ ಉಂಟು. ವೀಳ್ಯದೆಲೆ ಬಾಡಿರಬಾರದು, ನಂಜನಗೂಡು ರಸಬಾಳೆ ಕೈಗೆ ಮೆತ್ತಗಿರಬೇಕು ಆದರೆ ಮನೆ ಸೇರುವಷ್ಟರಲ್ಲಿ ಒಡೆಯಬಾರದು. ಮಲ್ಲಿಗೆ, ಎಲೆ, ಬಾಳೆ ಈ ಮೂರಕ್ಕೂ ಸರ್ಕಾರದ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ ಎಂದು ನಾನು ಒಮ್ಮೆ ಹೇಳಿದಾಗ ಅಮ್ಮ, "ಸರ್ಕಾರಕ್ಕೆ ಈಗ ಗೊತ್ತಾಯ್ತೇನೋ?" ಎಂದರು.

ಕುಂಕುಮದ ಸಾಲಿನಲ್ಲಿ ಬಣ್ಣದ ಪುಡಿಗಳನ್ನು ಶಿಖರದಂತೆ ಒಟ್ಟಿರುತ್ತಾರೆ. ಮೈಸೂರಿಗೆ ಬಂದ ವಿದೇಶೀಯರೆಲ್ಲ ಅದರ ಮುಂದೆ ಕ್ಯಾಮೆರಾ ಹಿಡಿದು ಕೂರುತ್ತಾರೆ. ಅಂಥ ಹಲವಾರು ಚಿತ್ರಗಳಲ್ಲಿ, ನೀಲಿ ಗುಡ್ಡೆಗೂ ಹಳದಿ ಗುಡ್ಡೆಗೂ ನಡುವೆ, ನುಗ್ಗೇಕಾಯಿ ಇಣುಕುವ ಚೀಲ ಹಿಡಿದ ಬೋಳುತಲೆಯ ಗಂಡಸೊಬ್ಬ ಇರಲೇಬೇಕು. ಯುರೋಪಿನ ಯಾವ ಯಾವ ಗೋಡೆಗಳ ಮೇಲೆ ತೂಗುತ್ತಿದ್ದೇನೋ ಕಾಣೆ. "ನನ್ನ ಚೀಲ ಫಾರಿನ್ನಿಗೆ ಹೋಗಿದೆ, ನಾನಿನ್ನೂ ಹೋಗಿಲ್ಲ" ಎಂದು ನನ್ನವಳು ಸಿಕ್ಕಿದವರಿಗೆಲ್ಲ ಹೇಳುತ್ತಾಳೆ.

2016ರ ಆಗಸ್ಟ್‌ನಲ್ಲಿ ಈ ಮಾರುಕಟ್ಟೆಯ ಉತ್ತರದ ಕಡೆ ಒಂದು ಭಾಗ ಕುಸಿಯಿತು. ಕೆಡವಿ ಹೊಸದಾಗಿ ಕಟ್ಟಬೇಕೋ, ಇದ್ದದ್ದನ್ನೇ ಉಳಿಸಿ ಗಟ್ಟಿ ಮಾಡಬೇಕೋ ಎಂಬ ಜಗಳ ಹೈಕೋರ್ಟಿನವರೆಗೆ ಹೋಯಿತು. ನಮ್ಮನೆಯಲ್ಲಿ ಊಟದ ಹೊತ್ತಿನಲ್ಲೂ ನಡೆಯಿತು. ಪಾರಂಪರಿಕ ಕಟ್ಟಡ, ಸುಣ್ಣದ ಗಾರೆ, ಪರಂಪರೆಯ ಉಸಿರು ಎಂದೆಲ್ಲ ನಾನು ಸಾರಿನ ಮೇಲೆ ಭಾಷಣ ಸುರಿದೆ. ಅವಳು ಪಲ್ಯ ಬಡಿಸುತ್ತ, "ಸೋರೋ ಮಾಡಿನ ಕೆಳಗೆ ಕೂತು ಸೊಪ್ಪು ಮಾರೋಳನ್ನ ಕೇಳಿದ್ರಾ?" ಎಂದಳು. ನಾನು ಕೇಳಿರಲಿಲ್ಲ. ಮಾರನೆಯ ಸಲ ಹೋದಾಗ ಕೇಳಿದೆ. ಸೊಪ್ಪಿನಾಕೆ, "ಕಟ್ಟೋದು ಏನಾದ್ರೂ ಕಟ್ಕೊಳ್ಲಿ ಸಾರ್, ನನ್ ಜಾಗ ನಂಗೆ ಕೊಡ್ಲಿ. ದಂಟು ತಗೊಳಿ" ಎಂದಳು. ಇಷ್ಟು ಚಿಕ್ಕದಾಗಿ ಇಡೀ ವಿಷಯ ಹೇಳಿದ ಲೇಖನ ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ. ದಂಟು ತಗೊಂಡೆ.

ಹೀಗೆ ಒಂಟಿಯಾಗಿ ನಿಂತು ಪಾಂಡಿತ್ಯ ಗಳಿಸುತ್ತಿದ್ದವನಿಗೆ ಕಳೆದ ವರ್ಷ ಶ್ರೋತೃವೊಬ್ಬರು ಸಿಕ್ಕಿದರು. ನನ್ನವಳ ಅಕ್ಕ, ಭಾವ ಹುಬ್ಬಳ್ಳಿಯಿಂದ ಬಂದರು. ನನಗೆ ಅವರು ಷಡ್ಡಕರು. ಹುಬ್ಬಳ್ಳಿಯಲ್ಲಿ ಪಾತ್ರೆ ಅಂಗಡಿ. ಕೊಳ್ಳುವವರ ಕಡೆ ನಿಂತು ಅವರಿಗೆ ಅಭ್ಯಾಸವೇ ಇಲ್ಲ. ಅತ್ತಿಗೆ ಚೌಕಾಶಿ ಮಾಡುವಾಗ ಇವರು ಗಲ್ಲಾದವನ ಪರ ವಹಿಸಿ, "ಇಲ್ಲ ಬಿಡ, ಅವಗೂ ಬಾಡಗಿ, ಕರೆಂಟು, ಆಳು ಎಲ್ಲಾ ಇರ್ತಾವ" ಎಂದುಬಿಡುತ್ತಾರೆ. ಹಾಗಾಗಿ ಅವರಿಗೂ ಒಳಗೆ ಪ್ರವೇಶ ರದ್ದಾಗಿ ಬಹಳ ಕಾಲವಾಗಿದೆ. ಅಕ್ಕತಂಗಿಯರು ಒಳಗೆ, ಷಡ್ಡಕರಿಬ್ಬರು ಹೊರಗೆ. ಇಂಥ ಅವಕಾಶ ಬಿಡುವವನೇ ನಾನು?

ಕೃಷ್ಣರಾಜ ವೃತ್ತದಲ್ಲಿ ನಿಲ್ಲಿಸಿಕೊಂಡು ನಾಲ್ವಡಿಯವರ ಪ್ರತಿಮೆ ತೋರಿಸಿ ಶುರುಮಾಡಿದೆ. ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾನಿಲಯ, ಸಾಬೂನು, ರೇಷ್ಮೆ ಎಂದು ಒಂದೊಂದಾಗಿ ಇಳಿಸುತ್ತ ಬಂದೆ. ಅವರು ವೃತ್ತದ ಸುತ್ತ ಒಂದು ಸಲ ಕಣ್ಣಾಡಿಸಿ, ಸೇರುವ ರಸ್ತೆಗಳನ್ನೆಲ್ಲ ಎಣಿಸಿ, ನಿಟ್ಟುಸಿರುಬಿಟ್ಟರು.

"ಅಲ್ರೀ, ಇಷ್ಟ ಛಲೋ ಮೂಲಿ ಜಾಗಾ, ನಾಕೂ ಕಡಿಂದ ಮಂದಿ ಬರತಾರ... ಮೂರ್ತಿಗೆ ಬಿಟ್ಟಾರಲ್ರೀ!"

ಅತ್ತಿಗೆಯದು ಇನ್ನೊಂದು ತೊಡಕು. ಅವರು ಮೈಸೂರಿನಲ್ಲೇ ಹುಟ್ಟಿ ಬೆಳೆದು ಮದುವೆಯಾಗಿ ಹೋದವರು. ಅವರ ತಲೆಯಲ್ಲಿರುವ ಮೈಸೂರಿನಲ್ಲಿ ಇನ್ನೂ ಒಂದೇ ಒಂದು ಅಂಗಡಿ ಮುಚ್ಚಿಲ್ಲ. ಆಟೋದವನಿಗೆ "ಶಾಂತಲಾ ಟಾಕೀಸ್ ಹತ್ರ" ಎಂದರು. ಅದು ಮುಚ್ಚಿಹೋಗಿದೆ ಎಂದು ನಾನು ಬಾಯಿ ತೆರೆಯುವ ಮುಂಚೆ ಆ ಹುಡುಗ ಗಾಡಿ ತಿರುಗಿಸಿಯೇ ಬಿಟ್ಟಿದ್ದ. ಮೈಸೂರಿನ ಆಟೋದವರು ಇಲ್ಲದ ಥಿಯೇಟರಿಗೆ ಕಣ್ಣುಮುಚ್ಚಿ ಕರೆದೊಯ್ಯುತ್ತಾರೆ, ಇರುವ ಅಪಾರ್ಟ್‌ಮೆಂಟಿಗೆ ಲೊಕೇಶನ್ ಕೇಳುತ್ತಾರೆ. ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹಳೇ ಪುಸ್ತಕದಂಗಡಿಯಿತ್ತು, ತ್ರಿವೇಣಿ ಕಾದಂಬರಿಗಳನ್ನೆಲ್ಲ ಅಲ್ಲೇ ತಗೊಂಡಿದ್ದು, ಅಲ್ಲಿಗೆ ಹೋಗಲೇಬೇಕು ಎಂದರು. ಹೋದೆವು. ವೈಸರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ 1892ರಲ್ಲಿ ಕಟ್ಟಿದ ಸಾಲುಕಟ್ಟಡ. 2012ರಲ್ಲಿ ಒಂದು ಭಾಗ ಕುಸಿದ ಮೇಲೆ ಅಂಗಡಿಗಳನ್ನು ಖಾಲಿ ಮಾಡಿಸಿದರು. ಮುಚ್ಚಿದ ಬಾಗಿಲುಗಳ ಸಾಲನ್ನು ನೋಡಿ ಅತ್ತಿಗೆ, "ಮಧ್ಯಾಹ್ನ ಊಟಕ್ಕೆ ಹೋಗಿರ್ತಾರೆ. ಸಾಯಂಕಾಲ ಬರೋಣ" ಎಂದರು. ನಾನು ಬಾಯಿಬಿಡಲಿಲ್ಲ. ಸಾಯಂಕಾಲ ಹೋಗಲೂ ಇಲ್ಲ, ಅಷ್ಟರಲ್ಲಿ ಸೋಪಿನ ವಿಷಯ ಬಂದಿತ್ತು.

ಹುಬ್ಬಳ್ಳಿಯ ಬೀಗರು, ನೆರೆಹೊರೆ, ಮಹಿಳಾ ಮಂಡಳ ಎಲ್ಲರಿಗೂ ಮೈಸೂರ್ ಸ್ಯಾಂಡಲ್ ಸೋಪು ಒಯ್ಯಬೇಕಂತೆ. ನನ್ನ ವಿದ್ವತ್ತಿಗೆ ಕರೆ ಬಂದಂತಾಯಿತು. "ಅತ್ತಿಗೆ, ಗಂಧದೆಣ್ಣೆ ಕಾರ್ಖಾನೆ ಇಲ್ಲಿ ಶುರುವಾಗಿದ್ದು 1916ರಲ್ಲಿ, ನಿಜ. ಆದರೆ ಸೋಪು ಮಾಡೋದಕ್ಕೆ ಹಿಡಿದಿದ್ದು 1918ರಲ್ಲಿ, ಬೆಂಗಳೂರಿನಲ್ಲಿ. ಈಗಲೂ ಅಲ್ಲೇ ಮಾಡೋದು."

ಷಡ್ಡಕರಿಗೆ ಧೈರ್ಯ ಬಂತು. "ನಮ್ಮ ಬಾಜೂ ಅಂಗಡ್ಯಾಗ ಥಪ್ಪಿಗಟ್ಲೆ ಅದಾವ ಇವು. ಇಲ್ಲಿಂದ ಯಾಕ ಹೊತಗೊಂಡ ಹೋಗೂದು?"

"ಅದು ಹುಬ್ಬಳ್ಳಿ ಸೋಪು" ಎಂದರು ಅತ್ತಿಗೆ. ಮಾತು ಮುಗಿಯಿತು. ಡಜನ್‌ಗಟ್ಟಲೆ ಸೋಪು ನನ್ನ ಎಡಗೈಗೆ ಬಂತು.

ಬಲಗೈ ಖಾಲಿ ಉಳಿಯಬಾರದೆಂದು ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ಗೆ ಕರೆದೊಯ್ದೆ. ಅರಮನೆಯ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆ ಕೂಡಿಸಿ ಮೊದಲ ಮೈಸೂರು ಪಾಕ್ ಮಾಡಿದರೆಂಬ ಕತೆ ಎಲ್ಲರಿಗೂ ಗೊತ್ತು. ಈ ಅಂಗಡಿ ಅವರ ವಂಶದವರದು. ಬೀದಿಯಲ್ಲೇ ನಿಂತು ಕತೆ ಮುಗಿಸಿದೆ. ಧಾರವಾಡ ಪೇಢೆಯ ಸೀಮೆಯವರು ತೀರ್ಪು ಕೊಡುವ ಗತ್ತಿನಲ್ಲಿ ಒಂದು ತುಂಡು ಬಾಯಿಗಿಟ್ಟರು. ಕಣ್ಣುಮುಚ್ಚಿದರು. ಇನ್ನೊಂದು ಇಟ್ಟರು. ಕಾಗದಕ್ಕಂಟಿದ್ದ ಪುಡಿಯನ್ನು ಬೆರಳಿಗೆ ತೆಗೆದುಕೊಂಡು, ಆ ಬೆರಳನ್ನೂ ವಿಚಾರಣೆಗೊಳಪಡಿಸಿದರು.

"ತುಪ್ಪ ಛಲೋ ಹಾಕ್ಯಾರ. ಆದ್ರ ನಮ್ಮ ಪೇಢೇದ ಮುಂದ..." ಎಂದು ಅರ್ಧಕ್ಕೆ ನಿಲ್ಲಿಸಿ, "ಒಂದ್ ಕೇಜಿ ಕಟ್ಟಸರಿ" ಎಂದರು. ಕಟ್ಟಿಸಿದ್ದು ರೈಲು ಹತ್ತಲಿಲ್ಲ. ರಾತ್ರಿ ನೀರು ಕುಡಿಯಲು ಎದ್ದಾಗ ಅಡುಗೆಮನೆಯಲ್ಲಿ ಕತ್ತಲಲ್ಲಿ ಅವರನ್ನು ಕಂಡೆ. ನಾನೂ ಅದೇ ಕೆಲಸಕ್ಕೆ ಎದ್ದದ್ದರಿಂದ ಇಬ್ಬರೂ ಆ ವಿಷಯ ಯಾರಿಗೂ ಹೇಳಲಿಲ್ಲ.

ನಜರಬಾದಿನ ಮೈಲಾರಿ ದೋಸೆಗೂ ಹೋದೆವು. ಒಂದೇ ರಸ್ತೆಯಲ್ಲಿ ಎರಡು ಮೈಲಾರಿ. ಯಾವುದು ಅಸಲಿ ಎಂಬುದರಲ್ಲಿ ಮೈಸೂರಿನ ಮನೆಗಳು ಒಡೆದಿವೆ. ನಮ್ಮನೆಯಲ್ಲಿ ಅಮ್ಮ ಒಂದರ ಕಡೆ, ಹೆಂಡತಿ ಇನ್ನೊಂದರ ಕಡೆ. ನಾನು ಎರಡು ಕಡೆಯೂ ತಿಂದು ಎರಡು ಕಡೆಯೂ ಇದೇ ಅಸಲಿ ಎನ್ನುತ್ತೇನೆ. ಮಗನೂ ಗಂಡನೂ ಆಗಿ ಬಾಳುವವನಿಗೆ ಬಾಯಲ್ಲಿ ಕರಗುವ ದೋಸೆಯಿಂದ ಕಲಿಯುವುದು ಬಹಳವಿದೆ.

ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ನನಗೊಂದು ಗಳಿಗೆ ರೋಮಾಂಚನವಾಯಿತು. ಕೈಯಲ್ಲಿ ದೀಪ ಹಿಡಿದ ಹೆಣ್ಣಿನ ಆ ಪ್ರಸಿದ್ಧ ಚಿತ್ರದ ಮುಂದೆ ಅಕ್ಕತಂಗಿಯರು ನಿಂತೇ ನಿಂತರು. ಎಲ್ಲರೂ ರವಿವರ್ಮನದು ಎಂದುಕೊಳ್ಳುವ ಈ ಜಲವರ್ಣವನ್ನು ಬರೆದದ್ದು ಸಾವಂತವಾಡಿಯ ಹಳದಣಕರ್, ರೂಪದರ್ಶಿಯಾಗಿ ನಿಂತಿದ್ದು ಅವರ ಮಗಳು ಎಂದು ನಾನು ಸುತ್ತಲಿನ ನಾಲ್ಕು ಕುಟುಂಬಗಳಿಗೆ ಕೇಳುವಂತೆ ಹೇಳಿದೆ. ಇಬ್ಬರೂ ಅಲುಗಲಿಲ್ಲ. ಬೆರಳುಗಳ ನಡುವೆ ಕೆಂಪಾಗಿ ಹಾದುಬರುವ ಬೆಳಕನ್ನು ನೋಡುತ್ತಿದ್ದಾರೆ, ಕಲೆ ಎಂದರೆ ಇದು, ಇಷ್ಟು ವರ್ಷ ನಾನು ಇವರನ್ನು ಅರ್ಥಮಾಡಿಕೊಳ್ಳಲೇ ಇಲ್ಲ ಎಂದು ಹತ್ತಿರ ಸರಿದೆ.

"ಆ ಸೀರೆ ಬಣ್ಣ ಈಗ ಬರೋದೇ ಇಲ್ಲ ಕಣೇ" ಎನ್ನುತ್ತಿದ್ದರು ಅತ್ತಿಗೆ.

"ಬರುತ್ತಕ್ಕಾ. ಫ್ಯಾಕ್ಟ್ರಿಗೇ ಹೋಗ್ಬೇಕು."

ಹೀಗೆ ನಾವು ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯ ಮಳಿಗೆಗೆ ಬಂದೆವು. ಅಲ್ಲಿ ಪ್ರತಿಮೆಯಿಲ್ಲ, ಗುಮ್ಮಟವಿಲ್ಲ. ಒಳಗಾಗುವ ವ್ಯವಹಾರ ಮಾತ್ರ ಎಲ್ಲಕ್ಕಿಂತ ದೀರ್ಘ. ಆದ್ದರಿಂದ ನನ್ನ ಜ್ಞಾನಭಂಡಾರದಲ್ಲಿ ರೇಷ್ಮೆಯ ಕೋಣೆಯೇ ದೊಡ್ಡದು. 1912ರಲ್ಲಿ ಸ್ವಿಟ್ಜರ್‌ಲೆಂಡಿನಿಂದ ಮಗ್ಗ ತರಿಸಿ ಶುರುಮಾಡಿದ್ದು. ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ, ಒಂದೊಂದು ಸೀರೆಗೂ ಅದರದೇ ಸಂಖ್ಯೆ. ಇದನ್ನೆಲ್ಲ ಷಡ್ಡಕರಿಗೆ ಒಪ್ಪಿಸಿದೆ. ಅವರು ಮೊದಲ ಬಾರಿಗೆ ನನ್ನ ಮಾತನ್ನು ಗಮನವಿಟ್ಟು ಕೇಳಿದರು. ಆಮೇಲೆ ಸೋಪಿನ ಡಬ್ಬದ ಹಿಂಭಾಗದಲ್ಲಿ ಪೆನ್ನಿನಿಂದ ಲೆಕ್ಕ ಹಾಕತೊಡಗಿದರು: ಜರಿಯ ತೂಕ ಇಷ್ಟು, ಬೆಳ್ಳಿ ಇವತ್ತಿನ ದರ ಇಷ್ಟು.

"ಅಂದ್ರ ಸೀರಿ ಹಳೇದಾದ್ರೂ ಪೂರಾ ಲುಕ್ಸಾನಿಲ್ಲ ಅನ್ರಿ" ಎಂದು ಸಮಾಧಾನಪಟ್ಟರು. ಎರಡು ಸಾವಿರ ವರ್ಷದ ಹಿಂದೆ ಕೌಟಿಲ್ಯ ಸರಕಿಗೆಲ್ಲ ಪಣ್ಯಾಧ್ಯಕ್ಷನೊಬ್ಬನಿರಬೇಕೆಂದು ಬರೆದಿಟ್ಟ. ಆ ಓಲೆಗರಿಯನ್ನು 1905ರಲ್ಲಿ ಶಾಮಶಾಸ್ತ್ರಿಗಳು ಗುರುತಿಸಿದ್ದು ಇದೇ ಊರಿನ ಪ್ರಾಚ್ಯ ಗ್ರಂಥಾಲಯದಲ್ಲಿ. ಶಾಸ್ತ್ರಿಗಳು ಅಷ್ಟು ಕಷ್ಟಪಡಬೇಕಿರಲಿಲ್ಲ, ಈ ನನ್ನ ಷಡ್ಡಕರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಇದರ ನಡುವೆ ಮಳಿಗೆಯ ಬಾಗಿಲಿಗೆ ಆಗಾಗ ಒಂದೊಂದು ಸೆರಗು ಬಂದು ಬಿಸಿಲು ಕಂಡು ಒಳಗೆ ಹೋಗುತ್ತಿತ್ತು. ಟ್ಯೂಬ್‌ಲೈಟಿನ ಬೆಳಕನ್ನು ಅತ್ತಿಗೆ ನಂಬುವುದಿಲ್ಲ. ಕೊನೆಗೆ ದಾಳಿಂಬೆ ಬಣ್ಣದ ಸೀರೆ ಒಪ್ಪಿಗೆಯಾಯಿತು. ಬಿಲ್ಲು ನೋಡಿ ಷಡ್ಡಕರು ಅಂದದ್ದು "ಅಯ್ಯಯ್ಯೋ" ಎಂದೇ. ಹುಬ್ಬಳ್ಳಿಯವರಾದರೂ ಆ ಒಂದು ಶಬ್ದದಲ್ಲಿ ಅಪ್ಪಟ ಮೈಸೂರಿನವರಾಗಿದ್ದರು.

ಮಾರನೆಯ ದಿನ ಭಾನುವಾರ, ಅರಮನೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ತಣ್ಣನೆಯ ನೆಲದ ಮೇಲೆ ನಡೆಯುತ್ತ ನಾನು ಹಿಂದಿನ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಸುಟ್ಟುಹೋದದ್ದು, ಹೆನ್ರಿ ಇರ್ವಿನ್ ನಕ್ಷೆ ಬರೆದದ್ದು, 1912ಕ್ಕೆ ಮುಗಿದದ್ದು ಎಲ್ಲ ಹೇಳಿದೆ. ಖರ್ಚು 41 ಲಕ್ಷ ಚಿಲ್ಲರೆ ಎಂದಾಗ ಷಡ್ಡಕರು ಕಂಬದ ಪಕ್ಕ ನಿಂತುಬಿಟ್ಟರು. ಈಗ ಅಷ್ಟರಲ್ಲಿ ನಮ್ಮ ಮೈಸೂರಿನ ವಿಜಯನಗರದಲ್ಲಿ ಒಂದು ಮೂವತ್ತು-ನಲವತ್ತರ ಸೈಟೂ ಬರುವುದಿಲ್ಲ ಎಂದೆ. "ಮದವಿ ಮನ್ಯಾಗ ಬೆಂಕಿ ಬಿದ್ದು, ಹದಿನೈದ್ ವರ್ಷ ಕಟ್ಟಸಗೋತ ಕೂತ್ರಂದ್ರ..." ಎಂದು ತಲೆಯಾಡಿಸಿದರು. "ನಂದೂ ಮಗಳ ಮದವಿ ಆದ ಮ್ಯಾಲ ಅಂಗಡಿ ರಿಪೇರಿ ಇನ್ನಾ ಮುಗದಿಲ್ರೀ." ಕಲ್ಯಾಣ ಮಂಟಪದ ಗಾಜಿನ ಸೂರಿನ ಕೆಳಗೆ ಆ ಮನುಷ್ಯ ಮಹಾರಾಜರಿಗಾಗಿ ನಿಜವಾಗಿ ಮರುಗಿದರು. ನಾನು ಕರೆದುಕೊಂಡು ಬಂದವರಲ್ಲಿ ಆ ಅರಮನೆಯನ್ನು ಅಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿಲ್ಲ.

ಸಂಜೆ ದೀಪಾಲಂಕಾರಕ್ಕೆ ಅಂಗಳದಲ್ಲಿ ಜಾಗ ಹಿಡಿದೆವು. ಸೀರೆ ನನ್ನ ಚೀಲದಲ್ಲೇ ಇತ್ತು. ಕುಚ್ಚು ಕಟ್ಟಲು ಕೊಡೋಣವೆಂದು ಒಯ್ದಿದ್ದರು, ಕುಚ್ಚಿನಾಕೆ ಊರಲ್ಲಿರಲಿಲ್ಲ. ಏಳು ಗಂಟೆಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಂಡವು. ಇಡೀ ಜನಸ್ತೋಮ "ಓ" ಎಂದಿತು. ಎಷ್ಟು ಸಲ ನೋಡಿದ್ದರೂ ನನಗೂ ಆ "ಓ" ಬಂದೇ ಬರುತ್ತದೆ. ಷಡ್ಡಕರು ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ ಎಂದು ಕೇಳಿದರು.

ಅತ್ತಿಗೆ ಮಾತ್ರ ಅರಮನೆಯನ್ನು ಒಮ್ಮೆ ನೋಡಿ, ತಮ್ಮ ಕೈಯನ್ನು ನೋಡಿಕೊಂಡು, "ಬೆಳಕು ಚೆನ್ನಾಗಿದೆ ಕಣೇ, ಆ ಸೀರೆ ತೆಗಿ" ಎಂದರು. ಚೀಲದಿಂದ ಸೀರೆ ಹೊರಬಂತು. ಅಕ್ಕ ಒಂದು ತುದಿ, ತಂಗಿ ಒಂದು ತುದಿ. "ನೋಡೇ, ದಾಳಿಂಬೆ ಅಂತ ತಂದ್ರೆ ಇಲ್ಲಿ ರಾಣಿ ಬಣ್ಣ ಹೊಡೀತಿದೆ!" ಪಕ್ಕದಲ್ಲಿದ್ದ ಸೇಲಂ ಕಡೆಯ ಹೆಂಗಸೊಬ್ಬರು ತಮಿಳಿನಲ್ಲಿ, ಇಲ್ಲ, ದಾಳಿಂಬೆಯೇ ಎಂದರು. ಇನ್ನೊಬ್ಬರು ಬಂದು ಸೆರಗು ಮುಟ್ಟಿ ನೋಡಿದರು. ಯಾರೋ ಬೆಲೆ ಕೇಳಿದರು, ಯಾರೋ ಎಲ್ಲಿ ತಗೊಂಡಿರಿ ಎಂದರು. ನೋಡನೋಡುತ್ತಿದ್ದಂತೆ ಹತ್ತಾರು ಹೆಂಗಸರು ಅಂಬಾವಿಲಾಸ ಅರಮನೆಗೆ ಬೆನ್ನು ಹಾಕಿ ನಮ್ಮ ಸೀರೆಯ ಸುತ್ತ ನೆರೆದರು. ನಾನು ಖಾಲಿ ಚೀಲ ಹಿಡಿದು, ಒಡೆಯರ ಕಡೆಗೆ ತಿರುಗಿ, ನಮ್ಮ ಮನೆಯವರ ಪರವಾಗಿ ನಾನೊಬ್ಬನಾದರೂ ನೋಡುತ್ತ ನಿಂತೆ.

ರಾಣಿಯೋ ದಾಳಿಂಬೆಯೋ ಎಂಬುದು ಬಹುಮತಕ್ಕೆ ಬರುವಷ್ಟರಲ್ಲಿ ಲಕ್ಷ ಬಲ್ಬೂ ಒಮ್ಮೆಗೇ ಆರಿದವು. ಕತ್ತಲಲ್ಲಿ ಅತ್ತಿಗೆಯ ದನಿ ಕೇಳಿಸಿತು.

"ಇದೇನ್ರೀ, ಈಗಿನ್ನೂ ಸರಿಯಾಗಿ ಕಾಣ್ತಿತ್ತು! ಇನ್ನೊಂದೈದು ನಿಮಿಷ ಹಾಕಕ್ಕೆ ಹೇಳಬಾರ್ದಾ ಅವ್ರಿಗೆ? ನೀವು ಇಲ್ಲಿಯೋರೇ ಅಲ್ವಾ?"